ಗ್ರೇಟ್‌ಫುಲ್ ಡೆಡ್ ಹಳೆಯ ಕಚೇರಿಗಳು: ಪುಕ್ಕಟೆ ಪ್ರತಿ ಸಾಕೆ, ಸಿ.ಡಿ. ಬೇಕೆ?

ಪ್ರಶ್ನೆ: ಗ್ರೇಟ್‌ಫುಲ್ ಡೆಡ್ ಬ್ಯಾಂಡಿನ ಹಳೆಯ ಕಚೇರಿಗಳನ್ನು ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಪುಕ್ಕಟೆಯಾಗಿ ಕೇಳುತ್ತೇನೆ. ಅವೇ ಕಚೇರಿಗಳು ‘ಡಿಕ್ಸ್ ಪಿಕ್ಸ್’, ‘ಡೇವ್ಸ್ ಪಿಕ್ಸ್’ ಎಂದು ಸಿ.ಡಿ.ಗಳಾಗಿಯೂ ಬರುತ್ತವೆ. ಗೆಳೆಯರಲ್ಲಿ ಒಬ್ಬ ಎರಡೂ ಒಂದೇ ಎನ್ನುತ್ತಾನೆ, ಇನ್ನೊಬ್ಬ ಅಜಗಜಾಂತರ ಎನ್ನುತ್ತಾನೆ. ಯಾರು ಸರಿ? ಯಾವಾಗಲೂ 1970ರ ದಶಕದ ಕಚೇರಿಗಳೇ ಏಕೆ ಬರುತ್ತವೆ? ಹಾಡುಗಳು ಅಲ್ಲಲ್ಲಿ ತುಂಡಾಗಿರುವುದೇಕೆ? ದುಡ್ಡು ಕೊಟ್ಟು ಕೊಳ್ಳುವುದಾದರೆ ಯಾವುದನ್ನು ಕೊಳ್ಳಲಿ?

ಉತ್ತರ: ಇಬ್ಬರು ಗೆಳೆಯರೂ ಸರಿಯೇ. ಆದರೆ ಇಬ್ಬರೂ ಬಹುಶಃ ಬೇರೆ ಬೇರೆ ಕಚೇರಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತನಾಡುತ್ತಿದ್ದಾರೆ. ಒಂದು ಕಚೇರಿಯ ಪುಕ್ಕಟೆ ಪ್ರತಿಗೂ ಸಿ.ಡಿ.ಗೂ ವ್ಯತ್ಯಾಸ ಕಿವಿಗೆ ಗೊತ್ತೇ ಆಗದು, ಇನ್ನೊಂದರಲ್ಲಿ ಮೊದಲ ನಿಮಿಷಕ್ಕೇ ತಿಳಿಯುತ್ತದೆ. ಆ ರಾತ್ರಿ ಯಾವ ಯಂತ್ರದ ಮೇಲೆ ಯಾವ ಟೇಪು ಓಡುತ್ತಿತ್ತು, ಆಮೇಲೆ ಅದು ಯಾರ ಕೈ ಸೇರಿತು, ಎಷ್ಟು ಸಲ ಪ್ರತಿಯಾಯಿತು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಅಭಿಮಾನಿಗಳು ಅಭಿರುಚಿಯ ಹೆಸರಿನಲ್ಲಿ ಮಾಡುವ ಜಗಳಗಳಲ್ಲಿ ಬಹುಪಾಲು ನಿಜವಾಗಿ ಟೇಪಿನ ಜಗಳಗಳು.

ಹಿನ್ನೆಲೆ ಚುಟುಕಾಗಿ. ಕ್ಯಾಲಿಫೋರ್ನಿಯಾದ ಈ ಬ್ಯಾಂಡು 1965ರಿಂದ, ಗಿಟಾರ್ ವಾದಕ, ಹಾಡುಗಾರ ಜೆರ್ರಿ ಗಾರ್ಸಿಯಾ ತೀರಿಕೊಂಡ 1995ರವರೆಗೆ ಸುಮಾರು 2,300 ಕಚೇರಿ ಕೊಟ್ಟಿತು. ಕೇಳುಗರು ಧ್ವನಿಮುದ್ರಣ ಮಾಡಿಕೊಳ್ಳುವುದಕ್ಕೆ ಅಡ್ಡಿ ಇರಲಿಲ್ಲ. 1984ರ ಅಕ್ಟೋಬರ್‌ನಿಂದ ಮೈಕ್ ತರುವವರಿಗೆಂದೇ ಪ್ರತ್ಯೇಕ ಜಾಗ ಕೊಟ್ಟರು. ಟೇಪು ವಿನಿಮಯ ಮಾಡಿಕೊಳ್ಳಬಹುದು, ಮಾರುವಂತಿಲ್ಲ ಎಂಬುದೊಂದೇ ಕಟ್ಟಳೆ. ಬ್ಯಾಂಡಿನ ಸ್ವಂತ ಟೇಪುಗಳು ‘ವಾಲ್ಟ್’ ಎಂದು ಕರೆಯುವ ಸಂಗ್ರಹದಲ್ಲಿವೆ. ಅದನ್ನು ನೋಡಿಕೊಳ್ಳುತ್ತಿದ್ದ ಡಿಕ್ ಲಟ್ವಾಲಾ 1973ರ ಡಿಸೆಂಬರ್ 19ರ ಟ್ಯಾಂಪಾ ಕಚೇರಿಯನ್ನು ಆಯ್ದು 1993ರಲ್ಲಿ ‘ಡಿಕ್ಸ್ ಪಿಕ್ಸ್’ ಶುರುಮಾಡಿದರು. 2005ರ ಹೊತ್ತಿಗೆ ಅದರ 36 ಸಂಪುಟಗಳು ಬಂದವು. ಲಟ್ವಾಲಾ 1999ರಲ್ಲಿ ತೀರಿಕೊಂಡ ಮೇಲೆ ಆ ಕೆಲಸ ಡೇವಿಡ್ ಲೆಮಿಯೂ ಪಾಲಿಗೆ ಬಂತು. 2007ರಿಂದ 2011ರವರೆಗೆ ‘ರೋಡ್ ಟ್ರಿಪ್ಸ್’ನ 17 ಕಂತುಗಳು ಬಂದವು. 2012ರಿಂದ ‘ಡೇವ್ಸ್ ಪಿಕ್ಸ್’ ವರ್ಷಕ್ಕೆ ನಾಲ್ಕರಂತೆ ಬರುತ್ತಿದೆ.

ನೀವು ಪುಕ್ಕಟೆ ಕೇಳುವುದರಲ್ಲಿ ಎರಡು ಜಾತಿ. ಸಭಾಂಗಣದಲ್ಲಿ ಕುಳಿತವರು ಮೈಕಿನಿಂದ ಮುದ್ರಿಸಿದ್ದು ಒಂದು, ಎಲ್ಲ ದನಿ, ವಾದ್ಯಗಳ ಸದ್ದನ್ನು ಬೆರೆಸುವ ವೇದಿಕೆಯ ಮಿಕ್ಸರಿನಿಂದ ನೇರವಾಗಿ ಬಂದ ಸೌಂಡ್‌ಬೋರ್ಡ್ ಇನ್ನೊಂದು. 2005ರ ನವೆಂಬರ್‌ನಲ್ಲಿ ಇವೆಲ್ಲವನ್ನೂ ಇಳಿಸಿಕೊಳ್ಳದಂತೆ ತೆಗೆದುಹಾಕಿದಾಗ ಅಭಿಮಾನಿಗಳು ಗಲಾಟೆ ಎಬ್ಬಿಸಿದರು. ಕೊನೆಗೆ ಸಭಾಂಗಣದ ಮುದ್ರಣಗಳನ್ನು ಇಳಿಸಿಕೊಳ್ಳಬಹುದು, ಸೌಂಡ್‌ಬೋರ್ಡ್‌ಗಳನ್ನು ಅಲ್ಲೇ ಕೇಳಬಹುದಷ್ಟೆ ಎಂದಾಯಿತು. ಈಗಲೂ ಹಾಗೇ ಇದೆ. ಹಾಗಾಗಿ ಸೌಂಡ್‌ಬೋರ್ಡನ್ನು ಸಿ.ಡಿ.ಗೆ ಹೋಲಿಸುವವರು ಎಷ್ಟೋ ಸಲ ಬ್ರೌಸರಿನಲ್ಲಿ ಕೇಳಿದ ಎಂಪಿ3ಯನ್ನು ಹೋಲಿಸುತ್ತಿರುತ್ತಾರೆ. ಆ ಹೋಲಿಕೆಯಿಂದ ಏನೂ ತೀರ್ಮಾನವಾಗದು.

ಈಗ ಮುಖ್ಯ ವಿಷಯಕ್ಕೆ ಬರೋಣ. ಕಾಂತೀಯ ಟೇಪನ್ನು ಟೇಪಿಗೆ ಪ್ರತಿ ಮಾಡಿದಾಗ ಮೂಲದ ‘ಹಿಸ್ಸ್’ ಸದ್ದಿನ ಜೊತೆಗೆ ಹೊಸ ಟೇಪಿನ ಸದ್ದೂ ಸೇರುತ್ತದೆ. ಎರಡೂ ಒಂದೇ ದರ್ಜೆಯ ಟೇಪುಗಳಾದರೆ ಮೊದಲ ಪ್ರತಿಯಲ್ಲೇ ಗದ್ದಲ 3 ಡೆಸಿಬೆಲ್ ಏರುತ್ತದೆ. ಜೊತೆಗೆ ಪ್ರತಿಯೊಂದು ಯಂತ್ರದ ವೇಗದ ಏರಿಳಿತವೂ ಅದರಲ್ಲಿ ಅಚ್ಚಾಗುತ್ತದೆ. ಹಿಸ್ಸ್ ತಗ್ಗಿಸುವ ‘ಡಾಲ್ಬಿ ಬಿ’ ಹಾಕಿ ಮುದ್ರಿಸಿದ್ದನ್ನು ಡಾಲ್ಬಿ ಇಲ್ಲದೆ ನುಡಿಸಿ ಪ್ರತಿ ಮಾಡಿದ್ದರೆ ಸಿಂಬಲ್ ಕಿವಿ ಚುಚ್ಚುತ್ತದೆ. ಹಾಕದೇ ಇದ್ದದ್ದಕ್ಕೆ ಹಾಕಿ ನುಡಿಸಿದ್ದರೆ ಕಂಬಳಿ ಹೊದಿಸಿದಂತೆ ಮಂಕಾಗುತ್ತದೆ. ಯಾರದೋ ಮನೆಯ ಕ್ಯಾಸೆಟ್‌ಗಳಲ್ಲಿ ಮೂರು ನಾಲ್ಕು ತಲೆಮಾರು ದಾಟಿ ಬಂದ ಸೌಂಡ್‌ಬೋರ್ಡಿಗೆ ಈ ಎಲ್ಲ ರೋಗಗಳೂ ಇರುತ್ತವೆ. ವಾಲ್ಟಿನ ಮೂಲ ರೀಲಿನಿಂದ ಮಾಡಿದ ಸಿ.ಡಿ.ಗೆ ಇರುವುದಿಲ್ಲ. ಇಂಥ ಕಡೆ ಅಜಗಜಾಂತರ ಎಂದವನೇ ಗೆದ್ದ.

ಇದಕ್ಕೆ ವಿರುದ್ಧವಾದ ಉದಾಹರಣೆ 1977ರ ಮೇ 8ರ ಕಾರ್ನೆಲ್ ವಿಶ್ವವಿದ್ಯಾಲಯದ ಕಚೇರಿ. ಇಥಾಕಾದ ಬಾರ್ಟನ್ ಹಾಲ್‌ನಲ್ಲಿ ಅದನ್ನು ಮುದ್ರಿಸಿದವರು ಬೆಟ್ಟಿ ಕ್ಯಾಂಟರ್-ಜ್ಯಾಕ್ಸನ್. ಸಭಾಂಗಣದ ಸ್ಪೀಕರಿಗೆ ಹೋಗುವ ಮಿಕ್ಸನ್ನೇ ಬಳಸದೆ ಟೇಪಿಗೆಂದೇ ಬೇರೆ ಮಿಕ್ಸ್ ಮಾಡುತ್ತಿದ್ದುದು ಅವರ ಹೆಚ್ಚುಗಾರಿಕೆ. ಸಾಮಾನ್ಯ ಸೌಂಡ್‌ಬೋರ್ಡಿನಲ್ಲಿ ಹಾಡುವ ದನಿ ಮುಂದೆ ಬಂದು, ಗಿಟಾರು ಡ್ರಮ್ಮುಗಳು ಹಿಂದೆ ಸರಿದಿರುತ್ತವೆ. ವೇದಿಕೆಯ ಮೇಲೇ ಜೋರಾಗಿರುವ ವಾದ್ಯವನ್ನು ಸ್ಪೀಕರಿಗೆ ಅಷ್ಟಾಗಿ ಕಳಿಸಬೇಕಿಲ್ಲವಲ್ಲ! ಸಭಾಂಗಣ ಚಿಕ್ಕದಾದಷ್ಟೂ ಈ ದೋಷ ಹೆಚ್ಚು. ಬೆಟ್ಟಿ ಅವರ ಟೇಪುಗಳಲ್ಲಿ ಇದು ಇಲ್ಲ. ಅವರ ರೀಲುಗಳಿದ್ದ ಗೋದಾಮಿನ ಬಾಡಿಗೆ ಕಟ್ಟದೆ ಹೋದದ್ದರಿಂದ 1986ರಲ್ಲಿ ಅವು ಹರಾಜಾದವು. ಕೊಂಡವರ ಕೈಯಿಂದ ಒಳ್ಳೆಯ ಪ್ರತಿಗಳು ಹೊರಗೆ ಹರಡಿದವು. ‘ಬೆಟ್ಟಿ ಬೋರ್ಡ್ಸ್’ ಎಂದರೆ ಅವೇ. ಅಧಿಕೃತ ಬಿಡುಗಡೆ ಆಗುವ ಮೊದಲೇ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಈ ಕಾರ್ನೆಲ್ ಮುದ್ರಣವನ್ನು ತನ್ನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಸೇರಿಸಿತು. ಮೂಲ ರೀಲುಗಳು ವಾಲ್ಟಿಗೆ ಮರಳಿ, ಸಿ.ಡಿ. ಬಂದದ್ದು 2017ರಲ್ಲಿ. ಇಲ್ಲಿ ಪುಕ್ಕಟೆ ಪ್ರತಿಯೂ ಚೆನ್ನಾಗಿದೆ. ಆದ್ದರಿಂದ ‘ಎರಡೂ ಒಂದೇ’ ಎನ್ನುವವನ ಮಾತಿಗೂ ತೂಕವಿದೆ.

ಆದರೂ ಒಂದು ಕೆಲಸ ಮನೆಯಲ್ಲಿ ಕುಳಿತು ಯಾರೂ ಮಾಡಲಾಗದ್ದು. ಟೇಪಿಗೆ ಮುದ್ರಿಸುವಾಗ ಸಂಗೀತದ ಜೊತೆಗೆ ‘ಬಯಾಸ್’ ಎಂಬ ಅತಿ ಎತ್ತರದ ಸ್ವರವನ್ನೂ ಸೇರಿಸುತ್ತಾರೆ. ಸಾಮಾನ್ಯವಾಗಿ ಅದು 1,00,000 ಹರ್ಟ್ಸ್‌ಗೂ ಮೇಲೆ ಇರುತ್ತದೆ. ಅದರ ಎತ್ತರ ಸ್ಥಿರ. ಆದ್ದರಿಂದ ಟೇಪಿನಲ್ಲಿ ಅದು ಎಲ್ಲಿ ಅಲುಗಿದೆಯೋ ಅಲ್ಲೆಲ್ಲ ಮೋಟಾರು ಅಲುಗಿದೆ ಎಂದು ಅರ್ಥ. ಪ್ಲಾಂಜೆಂಟ್ ಪ್ರೊಸೆಸಸ್ ಎಂಬ ವಿಧಾನ ವಿಶೇಷ ಹೆಡ್‌ನಿಂದ ಆ ಬಯಾಸನ್ನು ಓದಿ, ವೇಗದ ಅತಿ ಸಣ್ಣ ಕಂಪನವನ್ನೂ ನೇರ ಮಾಡುತ್ತದೆ. ಕಾರ್ನೆಲ್ ಸಿ.ಡಿ.ಯಲ್ಲಿ ಪಿಯಾನೊದ ಉದ್ದ ಸ್ವರಗಳು ನಡುಗದೆ ನಿಲ್ಲುವುದು ಇದರಿಂದ. 44.1 ಕಿಲೊಹರ್ಟ್ಸ್ ಡಿಜಿಟಲ್ ಪ್ರತಿಯಲ್ಲಿ 22,050 ಹರ್ಟ್ಸ್‌ಗಿಂತ ಮೇಲಿನದು ಏನೂ ಉಳಿಯುವುದಿಲ್ಲ. ಬಯಾಸೂ ಹೋಗಿರುತ್ತದೆ. ಮೂಲ ರೀಲು ಕೈಯಲ್ಲಿಲ್ಲದವರಿಗೆ ಇದು ಸಾಧ್ಯವೇ ಇಲ್ಲ. ದುಡ್ಡು ಕೊಡುವುದಕ್ಕೆ ನ್ಯಾಯವಾದ ಕಾರಣ ನನ್ನ ಮಟ್ಟಿಗೆ ಇದೇ. ಹೊಳೆಯುವ ಡಬ್ಬಿ, ಕಿರುಪುಸ್ತಕ ಎಲ್ಲ ಆಮೇಲಿನ ಮಾತು.

ಇಡೀ ಟೇಪಿನ ವೇಗ ಹೆಚ್ಚೋ ಕಡಿಮೆಯೋ ಎಂಬುದನ್ನು ಮಾತ್ರ ನೀವೇ ಅಳೆಯಬಹುದು. ಅಮೆರಿಕದ ವಿದ್ಯುತ್ತು 60 ಹರ್ಟ್ಸ್. ವೇದಿಕೆಯ ಆಂಪ್ಲಿಫೈಯರುಗಳ ಗುಂಯ್‌ಗುಡುವಿಕೆ ಟೇಪಿನಲ್ಲಿ ಉಳಿದಿರುತ್ತದೆ. ಅಡಾಸಿಟಿ ಎಂಬ ಧ್ವನಿ ತಂತ್ರಾಂಶದಲ್ಲಿ ಎರಡು ಹಾಡುಗಳ ನಡುವಿನ ನಿಶ್ಶಬ್ದದ ಹತ್ತು ಹದಿನೈದು ಸೆಕೆಂಡು ಆಯ್ದುಕೊಂಡು ಪ್ಲಾಟ್ ಸ್ಪೆಕ್ಟ್ರಮ್ ತೆರೆಯಿರಿ, ಗಾತ್ರ 65536 ಇಡಿ. ಆಗ ಒಂದೊಂದು ಮೆಟ್ಟಿಲು ಸುಮಾರು 0.67 ಹರ್ಟ್ಸ್. 60ರ ಬಳಿ ಅಳೆದರೆ ಇಷ್ಟು ಒರಟು ಮೆಟ್ಟಿಲಿಗೆ ಶೇ. 1ರ ತಪ್ಪು ಸಿಗದು. ಅದಕ್ಕೇ ಮೂರನೆಯ ಗುಣಕವಾದ 180ರ ಬಳಿಯ ಮೊನೆಯನ್ನು ನೋಡಬೇಕು. ಅದು 183.6ರಲ್ಲಿದ್ದರೆ ಟೇಪು ಶೇ. 2ರಷ್ಟು ಬೇಗ ಓಡುತ್ತಿದೆ, ಶ್ರುತಿ ಸುಮಾರು 34 ಸೆಂಟ್ ಏರಿದೆ. ಹೆಚ್ಚುಕಡಿಮೆ ಅರ್ಧ ಸ್ವರದ ಮೂರನೇ ಒಂದು ಭಾಗ. ತಂಬೂರಿ ಕೇಳಿ ಬೆಳೆದ ಕಿವಿಗೆ ಇದು ಅಳತೆ ಇಲ್ಲದೆಯೂ ಕಿರಿಕಿರಿ. ಸರಿಪಡಿಸಲು ಚೇಂಜ್ ಸ್ಪೀಡ್ (ಹೊಸ ಆವೃತ್ತಿಗಳಲ್ಲಿ ಚೇಂಜ್ ಸ್ಪೀಡ್ ಆ್ಯಂಡ್ ಪಿಚ್) ಬಳಸಿ ಶೇ. 1.96 ಇಳಿಸಿ. ಚೇಂಜ್ ಪಿಚ್ ಬೇಡ. ಅದು ಕಾಲವನ್ನು ಹಾಗೇ ಇಟ್ಟು ಸ್ವರವನ್ನಷ್ಟೇ ಇಳಿಸುತ್ತದೆ, ಟೇಪಿನ ದೋಷ ಹಾಗಿರುವುದಿಲ್ಲ.

ಇಲ್ಲಿ ಎಡವುವ ಜಾಗಗಳು ಮೂರು. ಪ್ರತಿ ಮಾಡಿದ ಮನೆಯ ವಿದ್ಯುತ್ತಿನ ಗುಂಯ್‌ಸದ್ದೂ ಸೇರಿರಬಹುದು. ಆಗ ಅಕ್ಕಪಕ್ಕ ಎರಡು ಮೊನೆ ಕಾಣುತ್ತವೆ, ಸರಿಯಾಗಿ 180ರಲ್ಲಿರುವುದು ಕೊನೆಯ ಪ್ರತಿಯದ್ದು, ಸರಿದಿರುವುದೇ ಕಚೇರಿಯದ್ದು. ಬಯಲಿನಲ್ಲಿ ಜನರೇಟರ್ ಇಟ್ಟು ನಡೆಸಿದ ಕಚೇರಿಗಳಿಗೆ 60 ಎಂಬ ಖಾತ್ರಿ ಇಲ್ಲ. 1972ರ ಯುರೋಪ್ ಪ್ರವಾಸದ ಟೇಪುಗಳಿಗೆ ಲೆಕ್ಕ 50 ಹರ್ಟ್ಸ್, ಅಂದರೆ 150ರ ಬಳಿ ಹುಡುಕಿ. ಇದನ್ನು ಮರೆತು 60ಕ್ಕೆ ಹೊಂದಿಸಲು ಹೋದವರು ಹಾಡನ್ನು ಎಲ್ಲಿಗೋ ಒಯ್ದಾರು. ರೀಲಿನ ಆರಂಭಕ್ಕೂ ಕೊನೆಗೂ ವೇಗ ಬೇರೆ ಇರುವುದು ಸಾಮಾನ್ಯವಾದ್ದರಿಂದ ಎರಡೂ ಕಡೆ ಅಳೆಯಿರಿ. ಧಾರವಾಡದ ಕಡೆಯ ಖಾಸಗಿ ಬೈಠಕ್‌ಗಳ ಕ್ಯಾಸೆಟ್‌ಗಳನ್ನು ಡಿಜಿಟಲ್ ಮಾಡುವವರಿಗೂ ಇದೇ ಉಪಾಯ ನಡೆಯುತ್ತದೆ.

ಇದರ ಜೊತೆಗೆ ಅಭಿಮಾನಿಗಳು ವ್ಯರ್ಥವಾಗಿ ಕಾದಾಡುವ ಒಂದು ಸಂಗತಿ ಇದೆ. 1980ರ ದಶಕದಲ್ಲಿ ವಿಡಿಯೊ ಕ್ಯಾಸೆಟ್ಟಿನ ಮೇಲೆ ಡಿಜಿಟಲ್ ಧ್ವನಿ ಮುದ್ರಿಸುತ್ತಿದ್ದ ಸೋನಿ ಪಿಸಿಎಂ ಯಂತ್ರಗಳು 44.056 ಕಿಲೊಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತಿದ್ದವು. ಅದನ್ನು ಹಾಗೇ 44.1 ಎಂದು ನುಡಿಸಿದರೆ ಶೇ. 0.1ರಷ್ಟು ವೇಗ ಹೆಚ್ಚುತ್ತದೆ. ಅದು ಎರಡು ಸೆಂಟಿಗೂ ಕಡಿಮೆ. 80 ನಿಮಿಷಕ್ಕೆ ಐದು ಸೆಕೆಂಡು ಕಡಿಮೆಯಾಗುತ್ತದೆ ಅಷ್ಟೆ. ಅದನ್ನು ಕೇಳಿ ಗುರುತಿಸಿದೆ ಎನ್ನುವವರಿಗೆ ದೂರದಿಂದಲೇ ಕೈಮುಗಿಯಿರಿ.

ಹಾಡುಗಳು ತುಂಡಾಗುವುದು ಏಕೆಂದು ಕೇಳಿದ್ದೀರಿ. 2,500 ಅಡಿಯ ಹತ್ತೂವರೆ ಇಂಚು ರೀಲು ಸೆಕೆಂಡಿಗೆ ಏಳೂವರೆ ಇಂಚಿನಂತೆ ಓಡಿದರೆ 66 ನಿಮಿಷ, 15 ಇಂಚಿನಂತೆ ಓಡಿದರೆ 33 ನಿಮಿಷ. 1,200 ಅಡಿಯ ಏಳು ಇಂಚಿನ ರೀಲಾದರೆ ಕಡಿಮೆ ವೇಗದಲ್ಲೂ 32 ನಿಮಿಷವೇ. ಈ ಬ್ಯಾಂಡು ನಿಲ್ಲಿಸದೆ ಒಂದರ ಬಾಲಕ್ಕೆ ಇನ್ನೊಂದು ಹಾಡು ಜೋಡಿಸಿ ಮುಕ್ಕಾಲು ಗಂಟೆ, ಒಂದು ಗಂಟೆ ನುಡಿಸುತ್ತಿತ್ತು. ರೀಲು ಬದಲಿಸುವ ಹೊತ್ತಿಗೆ ನುಡಿಸಿದ್ದು ಹೋಯಿತು. ಎರಡನೆಯ ಯಂತ್ರ ಇಲ್ಲದ ರಾತ್ರಿಗಳಲ್ಲಿ ಆ ತುಂಡು ವಾಲ್ಟಿನಲ್ಲೂ ಇಲ್ಲ. ಸಿ.ಡಿ. ಮಾಡುವವರಿಗೆ ಆಗ ದಾರಿ ಮೂರು: ಸಭಾಂಗಣದ ಟೇಪಿನಿಂದ ತೇಪೆ ಹಾಕುವುದು, ಇನ್ನೊಂದು ರಾತ್ರಿಯ ಅದೇ ಹಾಡಿನಿಂದ ತುಂಬುವುದು, ಅಥವಾ ಹಾಡನ್ನೇ ಬಿಡುವುದು. ತೇಪೆ ಕೇಳಿಸುತ್ತದೆ. ದನಿ ಒಮ್ಮೆಲೇ ದೂರ ಹೋಗಿ, ಚಪ್ಪಾಳೆ ಹತ್ತಿರ ಬಂದು, ಮತ್ತೆ ಮೊದಲಿನಂತಾಗುತ್ತದೆ. ಆದರೂ ಮೂರರಲ್ಲಿ ಪ್ರಾಮಾಣಿಕವಾದದ್ದು ಅದೇ. ಬೇರೆ ರಾತ್ರಿಯ ತುಂಡು ಸೇರಿಸಿದ್ದನ್ನು ಹೊದಿಕೆಯ ಮೇಲೆ ಹೇಳಿದ್ದರೆ ಒಪ್ಪಬಹುದು.

ಆಯ್ಕೆಯ ಕತ್ತರಿ ಬೇರೆ ವಿಷಯ. ‘ಡಿಕ್ಸ್ ಪಿಕ್ಸ್’ನ ಮೊದಲ ಸಂಪುಟಗಳು ಪೂರ್ಣ ಕಚೇರಿಗಳಲ್ಲ. ಟ್ಯಾಂಪಾ ಎರಡು ಸಿ.ಡಿ.ಗೆ ಇಳಿದಿದೆ, ಎರಡನೆಯ ಸಂಪುಟವಂತೂ ಒಂದೇ ಸಿ.ಡಿ. ‘ರೋಡ್ ಟ್ರಿಪ್ಸ್’ ಮೊದಮೊದಲು ಒಂದು ಪ್ರವಾಸದ ಹಲವು ರಾತ್ರಿಗಳಿಂದ ಹಾಡು ಆರಿಸಿ ಜೋಡಿಸಿತು. ಅಭಿಮಾನಿಗಳು ಕೆರಳಿದ್ದು ಇದಕ್ಕೆ. ಮುಂದಿನ ಕಂತುಗಳು ಒಂದೇ ಕಚೇರಿಯ ಕಡೆ ವಾಲಿದವು. ಈ ವಾದದಲ್ಲಿ ಅಭಿಮಾನಿಗಳದ್ದೇ ಸರಿ ಎಂಬುದು ನನ್ನ ಅಭಿಪ್ರಾಯ. ಈ ಬ್ಯಾಂಡಿನಲ್ಲಿ ಮೂರನೆಯ ಹಾಡು ಸಪ್ಪೆಯಾಗಿದ್ದರೂ ಒಂಬತ್ತನೆಯದು ಎಲ್ಲಿಂದ ಏರಿತೆಂದು ತಿಳಿಯಲು ಅದು ಬೇಕು. 1972ರಲ್ಲೇ ಬಂದ ‘ಯುರೋಪ್ ’72’ ಆಲ್ಬಮ್ಮಿನಲ್ಲಿ ಹಾಡುವ ದನಿಗಳನ್ನು ಸ್ಟುಡಿಯೊದಲ್ಲಿ ಮತ್ತೆ ಮುದ್ರಿಸಿ ಸೇರಿಸಿದ್ದರು. ಅದು ಚೊಕ್ಕಟವಾದ ಆಲ್ಬಮ್, ಆ ರಾತ್ರಿಗಳ ದಾಖಲೆಯಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಎಪ್ಪತ್ತರ ದಶಕವೇ ಏಕೆ? ಅಭಿರುಚಿ, ಮಾರಾಟ ಎರಡೂ ಇವೆ, ಸುಳ್ಳಲ್ಲ. ಆದರೆ ಮೊದಲ ಕಾರಣ ಟೇಪು. 1969ರಲ್ಲೇ ಈ ಬ್ಯಾಂಡು 16 ಟ್ರ್ಯಾಕಿನಲ್ಲಿ, ಅಂದರೆ ಒಂದೇ ಟೇಪಿನ 16 ಪ್ರತ್ಯೇಕ ಪಟ್ಟಿಗಳಲ್ಲಿ, ಕಚೇರಿ ಮುದ್ರಿಸಿ ‘ಲೈವ್/ಡೆಡ್’ ತಂದಿತ್ತು. 1972ರ ಯುರೋಪ್ ಪ್ರವಾಸ ಪೂರ್ತಿ 16 ಟ್ರ್ಯಾಕಿನಲ್ಲಿದೆ. ಹಾಗಾಗಿ ಪ್ರತಿ ವಾದ್ಯವನ್ನೂ ಇಂದು ಹೊಸದಾಗಿ ಹೊಂದಿಸಬಹುದು. ಅದಾದ ಮೇಲೆ ಎರಡು ಟ್ರ್ಯಾಕಿನ ರೀಲುಗಳ ಕಾಲ. 1979ರಿಂದ ಕೆಲವು ವರ್ಷ ಹೆಚ್ಚಾಗಿ ಉಳಿದಿರುವುದು ಕ್ಯಾಸೆಟ್ಟುಗಳು. ಕ್ಯಾಸೆಟ್ಟಿನ ವೇಗ ಸೆಕೆಂಡಿಗೆ ಒಂದೂ ಮುಕ್ಕಾಲು ಇಂಚಿಗಿಂತ ಸ್ವಲ್ಪ ಹೆಚ್ಚು, ಪಟ್ಟಿಯೂ ಸಪೂರ. ಅದರ ಮೇಲೆ ಸ್ಪೀಕರಿಗೆ ಹೋದ ಮಿಕ್ಸೇ ಅಚ್ಚಾಗಿದೆ. ಅದನ್ನು ಮೂರು ಸಿ.ಡಿ.ಯಾಗಿ ಮಾರಿದರೆ ಬೈಯುವವರು, ‘ಎಂಬತ್ತರದ್ದು ಏಕೆ ಕೊಡುವುದಿಲ್ಲ’ ಎಂದು ಈಗ ಕೇಳುತ್ತಿರುವವರೇ. 1990ರ ವಸಂತದ ಪ್ರವಾಸಕ್ಕೆ ಮತ್ತೆ ಬಹು ಟ್ರ್ಯಾಕಿನ ಯಂತ್ರ ಬಂತು, ನೋಡಿ: ಅದರಿಂದ 2012ರಲ್ಲಿ 18 ಸಿ.ಡಿ.ಗಳ ಒಂದು ಪೆಟ್ಟಿಗೆ, 2014ರಲ್ಲಿ 23ರ ಇನ್ನೊಂದು ಪೆಟ್ಟಿಗೆ ಬಂದವು.

1974 ಮಾತ್ರ ಎಪ್ಪತ್ತರ ದಶಕದಲ್ಲೇ ಬೇರೆ. ಆ ವರ್ಷದ ‘ವಾಲ್ ಆಫ್ ಸೌಂಡ್’ ವ್ಯವಸ್ಥೆಯಲ್ಲಿ ಸ್ಪೀಕರಿನ ಗೋಡೆ ವಾದಕರ ಬೆನ್ನ ಹಿಂದೆಯೇ ಇತ್ತು. ಸ್ಪೀಕರಿನ ಸದ್ದು ಮೈಕಿಗೇ ಮರಳಿ ಶಿಳ್ಳೆ ಹೊಡೆಯದಿರಲೆಂದು ಒಬ್ಬ ಹಾಡುಗಾರನಿಗೆ ಎರಡು ಮೈಕನ್ನು ಒಂದಕ್ಕೊಂದು ವಿರುದ್ಧ ಧ್ರುವದಲ್ಲಿ ಜೋಡಿಸಿದ್ದರು. ಒಂದರಲ್ಲಷ್ಟೇ ಹಾಡಬೇಕು. ದೂರದ ಸದ್ದು ಎರಡಕ್ಕೂ ಸಮನಾಗಿ ಬಂದು ಅಳಿದುಹೋಗುತ್ತದೆ. ಹಾಡುಗಾರ ಎರಡು ಬೆರಳಷ್ಟು ಹಿಂದೆ ಸರಿದರೆ ಅವನ ದನಿಯ ಮಂದ್ರವೂ ಅಳಿಯುತ್ತದೆ. ಆ ವರ್ಷದ ಸಿ.ಡಿ.ಗಳಲ್ಲಿ ವಾದ್ಯಗಳು ತುಂಬಿ ತುಳುಕುತ್ತಿದ್ದರೂ ಹಾಡು ತೆಳ್ಳಗಾಗಿರುವುದಕ್ಕೆ ಸಿ.ಡಿ.ಗೆಂದು ಧ್ವನಿಯನ್ನು ಕೊನೆಯದಾಗಿ ಹದಗೊಳಿಸಿದವರನ್ನು (ಮಾಸ್ಟರಿಂಗ್) ದೂರಬೇಡಿ.

ಸಭಾಂಗಣದ ಟೇಪನ್ನೂ ಸೌಂಡ್‌ಬೋರ್ಡನ್ನೂ ಬೆರೆಸಿ ಅಭಿಮಾನಿಗಳೇ ಮಾಡುವ ‘ಮೇಟ್ರಿಕ್ಸ್’ಗಳು ಕೆಲವೊಮ್ಮೆ ಸಿ.ಡಿ.ಗಿಂತ ಹಿತವಾಗಿರುತ್ತವೆ. ಒಣ ಸೌಂಡ್‌ಬೋರ್ಡಿಗೆ ಸಭಾಂಗಣದ ಗಾಳಿ ಸಿಗುತ್ತದೆ. ಕೆಟ್ಟದ್ದನ್ನು ಗುರುತಿಸುವುದು ಸುಲಭ. ಮೈಕು ವೇದಿಕೆಯಿಂದ 30 ಮೀಟರ್ ದೂರವಿದ್ದರೆ ಸದ್ದು ಸುಮಾರು 87 ಮಿಲಿಸೆಕೆಂಡ್ ತಡವಾಗಿ ಮುಟ್ಟುತ್ತದೆ. ಅಷ್ಟು ಸರಿಸದೆ ಬೆರೆಸಿದರೆ ಡ್ರಮ್ಮಿನ ಪ್ರತಿ ಪೆಟ್ಟೂ ಎರಡಾಗುತ್ತದೆ. ಆರಂಭದಲ್ಲಿ ಸರಿಹೊಂದಿಸಿದರೂ ಎರಡು ಯಂತ್ರಗಳ ವೇಗ ಒಂದೇ ಇರದು. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದ್ದರೂ 80 ನಿಮಿಷದ ಕೊನೆಗೆ ಕಾಲು ಸೆಕೆಂಡು ಜಾರಿರುತ್ತದೆ. ಆದ್ದರಿಂದ ಮೇಟ್ರಿಕ್ಸನ್ನು ಮೊದಲ ಹಾಡಿನಿಂದ ಅಳೆಯಬೇಡಿ, ಕೊನೆಯ ಹಾಡಿನ ಡ್ರಮ್ಮು ಕೇಳಿ.

ಸಿ.ಡಿ.ಗೂ ಪುಕ್ಕಟೆ ಪ್ರತಿಗೂ ಹೋಲಿಸುವಾಗ ಎರಡರ ಸದ್ದಿನ ಮಟ್ಟವನ್ನು ಮೊದಲು ಸಮ ಮಾಡಿ. ಅರ್ಧ ಡೆಸಿಬೆಲ್ ಜೋರಾಗಿರುವುದೂ ‘ಚೆನ್ನಾಗಿದೆ’ ಎಂದೇ ಅನಿಸುತ್ತದೆ. ಇನ್ನೊಂದು ತೊಡಕು: ‘ಡಿಕ್ಸ್ ಪಿಕ್ಸ್’, ‘ಡೇವ್ಸ್ ಪಿಕ್ಸ್’ ಸರಣಿಗಳ ಹಲವು ಸಿ.ಡಿ.ಗಳಲ್ಲಿ, 16 ಬಿಟ್‌ಗಿಂತ ಸೂಕ್ಷ್ಮವಾದ ಧ್ವನಿ ಪಡೆಯಲೆಂದು ಸೇರಿಸಿದ ಎಚ್‌ಡಿಸಿಡಿ ಎಂಬ ಸಂಕೇತ ಇರುತ್ತದೆ. 16 ಬಿಟ್‌ಗಳಲ್ಲಿ ತೀರ ಕೊನೆಯದರಲ್ಲಿ ಅದು ಅಡಗಿರುತ್ತದೆ. ಫೂಬಾರ್2000 ಎಂಬ ತಂತ್ರಾಂಶಕ್ಕೆ ಇದನ್ನು ಬಿಡಿಸುವ ಸೇರ್ಪಡೆ ಇದೆ, ಎಫ್‌ಎಫ್‌ಎಂಪೆಗ್‌ನಲ್ಲೂ ಫಿಲ್ಟರ್ ಇದೆ. ಕಂಪ್ಯೂಟರಿಗೆ ಹಾಕಿಕೊಳ್ಳುವಾಗ ಸದ್ದಿನ ಮಟ್ಟ ಒಂದಿಷ್ಟು ಬದಲಿಸಿದರೂ ಆ ಕೊನೆಯ ಬಿಟ್ ಅಳಿಸಿ ಸಂಕೇತ ಹೋಗುತ್ತದೆ. ಮೊದಲು ಇದ್ದದ್ದು ಇದ್ದಂತೆ ಫ್ಲ್ಯಾಕ್ (ಏನೂ ಕಳೆಯದೆ ಉಳಿಸುವ ಕಡತ) ಮಾಡಿಟ್ಟುಕೊಳ್ಳಿ, ಆಟವೆಲ್ಲ ಅದರ ಪ್ರತಿಯ ಮೇಲೆ. ಬಿಡಿಸದೆ ಕೇಳಿದರೂ ಕೆಡುವುದೇನಿಲ್ಲ.

ಕೊಳ್ಳುವ ವಿಷಯ. ಒಂದೇ ಒಂದು ಬೇಕಾದರೆ ಕಾರ್ನೆಲ್‌ನ ಮೂರು ಸಿ.ಡಿ. ಸಾಕು. ಅದೇ ವಾರದ ನಾಲ್ಕು ಕಚೇರಿಗಳ 11 ಸಿ.ಡಿ. ಪೆಟ್ಟಿಗೆ 15,000 ಪ್ರತಿಗಳಷ್ಟೇ ಬಂದಿತ್ತು, ಅದರ ಬೆನ್ನು ಹತ್ತಬೇಕಿಲ್ಲ. ಎರಡನೆಯದು 1972ರ ಆಗಸ್ಟ್ 27ರ ವೆನೆಟಾ ಕಚೇರಿ, ‘ಸನ್‌ಶೈನ್ ಡೇಡ್ರೀಮ್’. ಬಹು ಟ್ರ್ಯಾಕಿನ ಟೇಪು, ಬ್ಯಾಂಡು ಆ ದಿನ ಹದದಲ್ಲಿತ್ತು. ಮೂರನೆಯದು ‘ಡಿಕ್ಸ್ ಪಿಕ್ಸ್’ ನಾಲ್ಕನೆಯ ಸಂಪುಟ, 1970ರ ಫೆಬ್ರವರಿಯ ಫಿಲ್‌ಮೋರ್ ಈಸ್ಟ್. ‘ಬೇರ್’ ಎಂದೇ ಹೆಸರಾದ, ಬ್ಯಾಂಡಿನ ಧ್ವನಿ ಎಂಜಿನಿಯರ್ ಆವ್‌ಸ್ಲಿ ಸ್ಟ್ಯಾನ್ಲಿ ಅವರ ಕೈಚಳಕ ಅದರಲ್ಲಿದೆ. ಹಿಂದೂಸ್ತಾನಿ ಕೇಳುವವರಿಗೆ ಆಸಕ್ತಿ ಹುಟ್ಟಿಸುವ ಮಾತೆಂದರೆ, ಅದೇ ವರ್ಷ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅಲಿ ಅಕ್ಬರ್ ಖಾನ್, ಇಂದ್ರನೀಲ್ ಭಟ್ಟಾಚಾರ್ಯ, ಝಾಕಿರ್ ಹುಸೇನ್ ಅವರ ಕಚೇರಿಯನ್ನೂ ಇವರೇ ಮುದ್ರಿಸಿದ್ದರು. ಅದೂ ಈಗ ಬಿಡುಗಡೆಯಾಗಿದೆ. ಎಂಬತ್ತರ ದಶಕದ ರುಚಿ ನೋಡಬೇಕೆಂದರೆ 21ನೆಯ ಸಂಪುಟ, 1985ರ ನವೆಂಬರ್ 1ರ ರಿಚ್ಮಂಡ್. ಗಾರ್ಸಿಯಾ ದನಿ ಒಡೆದಿದೆ, ನುಡಿಸಾಣಿಕೆಯಲ್ಲಿ ಕಿಚ್ಚಿದೆ.

2011ರ ‘ಯುರೋಪ್ ’72’ ಸಂಪೂರ್ಣ ಪೆಟ್ಟಿಗೆಯಲ್ಲಿ 22 ಕಚೇರಿ, 73 ಸಿ.ಡಿ. ಇದ್ದವು. ಟ್ರಂಕಿನ ರೂಪದ ಆ 7,200 ಪ್ರತಿಗಳು ಕೆಲವೇ ದಿನಗಳಲ್ಲಿ ಖರ್ಚಾದವು. ಟ್ರಂಕು ಇಲ್ಲದ ಆವೃತ್ತಿಯೂ, ಬಿಡಿ ಕಚೇರಿಗಳೂ ಆಮೇಲೆ ಬಂದವು, ಒಳಗಿನ ಸಂಗೀತ ಅದೇ. ‘ಡಿಕ್ಸ್ ಪಿಕ್ಸ್’ ಅನ್ನು ರಿಯಲ್ ಗಾನ್ ಮ್ಯೂಸಿಕ್ ಮತ್ತೆ ಅಂಗಡಿಗಳಿಗೆ ತಂದದ್ದರಿಂದ ಹಳೆಯ ಮುದ್ರಣಕ್ಕೆ ದುಬಾರಿ ಬೆಲೆ ಕೊಡಬೇಡಿ. ‘ಡೇವ್ಸ್ ಪಿಕ್ಸ್’ ಸಂಖ್ಯೆ ಹಾಕಿದ ಮಿತ ಮುದ್ರಣ. ವರ್ಷದ ಚಂದಾದಾರರಿಗೆ ಮಾತ್ರ ಒಂದು ಹೆಚ್ಚುವರಿ ಸಿ.ಡಿ. ಸಿಗುತ್ತದೆ. ಹಳೆಯದನ್ನು ಕೈಬದಲಿಗೆ ಕೊಳ್ಳುವಾಗ ಮಾರುವವರಿಂದ ಸಂಖ್ಯೆಯ ಚಿತ್ರದ ಜೊತೆಗೆ ಸಿ.ಡಿ.ಯ ಕೆಳಮುಖದ ಚಿತ್ರವನ್ನೂ ಕೇಳಿ. ಕಾರ್ಖಾನೆಯಲ್ಲಿ ಒತ್ತಿದ್ದು ಬೆಳ್ಳಿ ಬಣ್ಣಕ್ಕಿರುತ್ತದೆ, ಹಸಿರು ಅಥವಾ ನೀಲಿ ಛಾಯೆ ಕಂಡರೆ ಮನೆಯಲ್ಲಿ ಬರೆದ ನಕಲು. ಭಾರತಕ್ಕೆ ತರಿಸುವುದಾದರೆ ಸಾಗಣೆ, ಸುಂಕ ಎರಡನ್ನೂ ಬೆಲೆಗೆ ಸೇರಿಸಿ ಲೆಕ್ಕ ಹಾಕಿದ ಮೇಲೆ ಆರ್ಡರ್ ಕೊಡಿ.